ಕುಂದಗೋಳದ ಗಾಡಿ

ಮೀರಜಿನಿಂದ ಹೊರಟು ಬೆಳಗಾವಿ, ಲೋಂಡಾ, ಅಳ್ನಾವರ, ಧಾರವಾಡ ದಾಟಿ ಹುಬ್ಬಳ್ಳಿ ಸೇರುವ ರೈಲುದಾರಿಯಷ್ಟು ಸಂಗೀತ ಹೊತ್ತ ದಾರಿ ನಮ್ಮ ನಾಡಿನಲ್ಲಿ ಇನ್ನೊಂದಿರಲಾರದು. ಮೀರಜಿನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಯಲ್ಲಿ ಹಾಡಲು ಹೋಗಿ ಬರುವ ದಾರಿ ಇದು. ನಡುವೆ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಅವರು ಇಳಿದಿದ್ದರಿಂದಲೇ ಕಿರಾನಾ ಘರಾಣೆ ನಮ್ಮ ಎರೆಭೂಮಿಯಲ್ಲಿ ಬೇರುಬಿಟ್ಟಿತು. ಆಗಿನ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿದೆ, ವಿದ್ಯುತ್ ತಂತಿ ಬಂದಿದೆ. ನಿಲ್ದಾಣಗಳ ಹೆಸರು ಮಾತ್ರ ಅವೇ. ಒಂದೊಂದು ಹೆಸರು ಓದುವಾಗಲೂ ಯಾರೋ ಒಬ್ಬರ ದನಿ ಕಿವಿಗೆ ಬರುತ್ತದೆ.

ನನ್ನ ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಗುರುಗಳು ಧಾರವಾಡದಲ್ಲಿ, ನಾವು ಬೆಳಗಾವಿಯ ಟಿಳಕವಾಡಿಯಲ್ಲಿ. ಕಳೆದ ವರ್ಷದಿಂದ ಅವಳ ಹೆಸರು ನಾಲ್ಕು ಜನರ ಬಾಯಲ್ಲಿ ಬರುತ್ತಿದೆ. ಮೊದಲು ಒಂದು ಸ್ಪರ್ಧೆಯ ಬಹುಮಾನ, ಆಮೇಲೆ ದೊಡ್ಡವರ ಕಛೇರಿಗೆ ಮುಂಚೆ ಅರ್ಧ ಗಂಟೆ ಹಾಡುವ ಅವಕಾಶ, ಈಗ ಹೊರ ಊರುಗಳ ಕರೆ. ಕಾಯಿಪಲ್ಯೆ ಸಂತೆಯಲ್ಲಿ ಗುರುತಿಲ್ಲದವರು ನನ್ನನ್ನು ನಿಲ್ಲಿಸಿ, ‘ಮೊನ್ನೆ ಹಾಡಿದ ಹುಡಗಿ ತಾಯಿ ನೀವ ಹೌದಲ್ಲರಿ?’ ಎನ್ನುತ್ತಾರೆ. ಹೌದು ಎನ್ನುವಾಗ ನನ್ನ ದನಿ ನನಗೇ ಬೇರೆಯಾಗಿ ಕೇಳುತ್ತದೆ. ಸಭೆಯಲ್ಲಿ ಅವಳು ಮೆಲ್ಲಗೆ ಬಢತ್ ಮಾಡುತ್ತ ತಾರಷಡ್ಜದ ಕಡೆ ಹೊರಟಾಗ ನನ್ನ ಅಂಗೈ ಬೆವರುತ್ತದೆ. ಅವಳು ಅಲ್ಲಿ ಹೋಗಿ ನಿಂತಳೆಂದರೆ, ಸುತ್ತಲಿನವರು ‘ವಾಹ್’ ಎನ್ನುವ ಮೊದಲೇ ನನ್ನ ಕಣ್ಣು ತುಂಬಿರುತ್ತವೆ. ಈ ಹೆಮ್ಮೆಯನ್ನು ನಾನು ಯಾರಿಂದಲೂ ಮುಚ್ಚಿಡುವುದಿಲ್ಲ. ಹೆತ್ತವರಿಗೆ ಸಿಗುವ ಸುಖಗಳಲ್ಲಿ ಇದರಷ್ಟು ತುಂಬಿದ ಸುಖ ಬೇರೆ ನನಗೆ ಗೊತ್ತಿಲ್ಲ.

ಅದರ ಬೆನ್ನಿಗೇ ಬರುವ ಮಾತುಗಳೂ ಇವೆ. ‘ಟಿವಿ ಕಾರ್ಯಕ್ರಮಕ್ಕ ಕಳಸ್ರಿ’, ‘ಸಾಲಿ ಬಿಡಸ್ರಿ’, ‘ಸಾಲಿ ಬಿಡಸಬ್ಯಾಡ್ರಿ’, ‘ಗುರುಗಳನ್ನ ಬದಲ ಮಾಡ್ರಿ’. ನನ್ನ ಹೆಮ್ಮೆ ಅವಳಿಗೆ ಎಷ್ಟು ಬೇಕು, ಎಲ್ಲಿಂದ ಮುಂದೆ ಅದು ಅವಳಿಗೆ ಹೊರೆ? ಇದೇ ದಾರಿಯ ಮನೆಗಳಲ್ಲಿ ನನಗಿಂತ ಮೊದಲು ತಾಯಿತಂದೆಯರು ಎದುರಿಸಿದ ಪ್ರಶ್ನೆ ಇದು. ದೀಪಾವಳಿ ಸೂಟಿಯಲ್ಲಿ ಆ ಊರುಗಳನ್ನು ನೋಡಿ ಬರೋಣವೆಂದು ಅವಳನ್ನು ಕರೆದುಕೊಂಡು ಹೊರಟೆ.

ಮೊದಲು ಹೋದದ್ದು ಹಿಂದಕ್ಕೆ, ಮೀರಜಿನ ದಿಕ್ಕಿಗೆ, ಸುಳೇಭಾವಿಗೆ. ಬೆಳಗಾವಿ ಬಿಟ್ಟ ಸ್ವಲ್ಪ ಹೊತ್ತಿಗೇ ಬರುವ ಸಣ್ಣ ನಿಲ್ದಾಣ. ಮಹಾಲಕ್ಷ್ಮಿ ಜಾತ್ರೆಯಿಂದ ನಮ್ಮ ಭಾಗಕ್ಕೆಲ್ಲ ಗೊತ್ತಿರುವ ಊರು. ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲಿ, 1924ರ ಏಪ್ರಿಲ್ 8ರಂದು. ಮನೆಯವರು ಇಟ್ಟ ಹೆಸರು ಶಿವಪುತ್ರ, ಕೋಮಕಾಳಿ ಮನೆತನದ ಹುಡುಗ. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುತ್ತಿದ್ದವರು. ಮನೆಯಲ್ಲಿ ಹಾಡಿತ್ತು, ಹುಡುಗನಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹಾಡು ಕೇಳಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಅದನ್ನು ಇದ್ದ ಹಾಗೆಯೇ ಹಾಡಿಬಿಟ್ಟನಂತೆ. ಆಗ ಅವನಿಗೆ ಏಳರ ಆಸುಪಾಸು. ಮಠದ ಸ್ವಾಮೀಜಿಯೊಬ್ಬರು ಕೇಳಿ ‘ಕುಮಾರ ಗಂಧರ್ವ’ ಎಂದು ಕರೆದರು. ಮುಂದೆ ಜನ ಶಿವಪುತ್ರನನ್ನು ಮರೆತೇಬಿಟ್ಟರು.

ಆ ತಂದೆಯ ಸಂಭ್ರಮ ಹೇಗಿತ್ತೆಂದು ನಾನು ಊಹಿಸಬಲ್ಲೆ. ಗ್ರಾಮೋಫೋನ್ ತಟ್ಟೆಯಲ್ಲಿ ಕೇಳಿದ ಅಬ್ದುಲ್ ಕರೀಂ ಖಾನ್, ಫೈಯಾಜ್ ಖಾನ್ ಮೊದಲಾದವರ ಹಾಡನ್ನು ಅಳತೆ ತಪ್ಪದೆ ಒಪ್ಪಿಸುವ ಪುಟ್ಟ ಮಗ. ಊರೂರಿನಲ್ಲಿ ಕಛೇರಿ, ಕಿಕ್ಕಿರಿದ ಜನ, ಅಂಗಿ ತುಂಬ ಪದಕ. ತಂದೆ ಮಗನನ್ನು ಕರೆದುಕೊಂಡು ಸುತ್ತಿದರು. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹುಡುಗ ಹಾಡಿದಾಗ ಉತ್ತರ ಹಿಂದೂಸ್ತಾನದ ಘಟಾನುಘಟಿಗಳೇ ಬೆರಗಾದರು. ನಮ್ಮ ಕಾಲದ ಮಾತಿನಲ್ಲಿ ಹೇಳುವುದಾದರೆ ಅವನು ಆಗಲೇ ‘ಸ್ಟಾರ್’. ಇನ್ನೂ ಹತ್ತು ವರ್ಷ ಹೀಗೇ ಸುತ್ತಿದ್ದರೆ ಯಾರೂ ಆ ತಂದೆಯನ್ನು ತಪ್ಪು ಎನ್ನುತ್ತಿರಲಿಲ್ಲ. ಆದರೆ 1936ರಲ್ಲಿ ಸಿದ್ಧರಾಮಯ್ಯನವರು ಹನ್ನೆರಡರ ಮಗನನ್ನು ಮುಂಬೈಯ ಪ್ರೊಫೆಸರ್ ಬಿ. ಆರ್. ದೇವಧರರ ಕೈಗೆ ಒಪ್ಪಿಸಿದರು. ಬೇರೆಯವರ ಹಾಡನ್ನು ಹಾಡಿ ಗೆದ್ದವನು ತನ್ನ ಹಾಡು ಯಾವುದೆಂದು ಹುಡುಕಲು ಕುಳಿತದ್ದು ಅಲ್ಲಿ. ಮುಂದೆ ಮಾಳ್ವದ ಜನಪದ, ನಿರ್ಗುಣಿ ಭಜನ್, ಕ್ಷಯದಿಂದ ಒಂದು ಶ್ವಾಸಕೋಶ ಕೈಬಿಟ್ಟ ಮೇಲೂ ಕಟ್ಟಿಕೊಂಡ ಹೊಸ ಗಾಯಕಿ, ಎಲ್ಲದರ ಹಿಂದೆ ಆ ಒಪ್ಪಿಸುವಿಕೆ ಇದೆ. ಮಗ ಸೋಲುತ್ತಿರುವಾಗ ಗುರುವನ್ನು ಹುಡುಕುವ ತಂದೆ ಎಲ್ಲ ಕಾಲದಲ್ಲೂ ಸಿಗುತ್ತಾನೆ. ಗೆಲ್ಲುತ್ತಿರುವಾಗ ಹುಡುಕಿದವರು ಇವರು. ಸಣ್ಣ ಮಕ್ಕಳನ್ನು ಬಣ್ಣದ ದೀಪದ ಕೆಳಗೆ ನಿಲ್ಲಿಸಿ ವಾರವಾರ ಅಂಕ ಕೊಡಿಸುವ ನಮ್ಮ ಕಾಲದ ಹೆತ್ತವರು ಸುಳೇಭಾವಿಗೆ ಒಮ್ಮೆ ಬರಬೇಕು ಎಂದು ನಾನು ಮನಸಾರೆ ಹೇಳುತ್ತೇನೆ.

ಮರುದಿನ ಧಾರವಾಡದ ಗಾಡಿ. ಖಾನಾಪುರ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ, ಲೋಂಡಾದಲ್ಲಿ ಬಿಸಿ ವಡೆ ಬರುತ್ತವೆ, ಅಳ್ನಾವರದಿಂದ ಆಚೆ ಮರಗಳು ಸರಿದು ಬಯಲು ಶುರು. ಆ ಹೊತ್ತಿಗೆ ಮಗಳಿಗೆ ಭೀಮಸೇನ ಜೋಶಿಯವರ ಅಂಗಿಯ ಕಥೆ ಹೇಳಿದೆ. ಗದಗಿನಲ್ಲಿ ಬೆಳೆಯುತ್ತಿದ್ದ ಹುಡುಗ ಭಜನೆ ಮೇಳವೋ ಬ್ಯಾಂಡೋ ಬೀದಿಯಲ್ಲಿ ಹೊರಟರೆ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ದಣಿದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸೋತ ತಂದೆ ಗುರುರಾಜಾಚಾರ್ಯ ಜೋಶಿಯವರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರ ಮಗ’ ಎಂದು ಬರೆದರು. ಕಂಡವರು ಮನೆಗೆ ತಂದು ಬಿಡಲಿ ಎಂದು.

‘ಬೈಲಿಲ್ಲೇನು?’ ಎಂದು ಕೇಳಿದಳು.

ಬೈದಿರಬಹುದು. ಹದಿನಾರು ಮಕ್ಕಳಲ್ಲಿ ಅವನು ಹಿರಿಯವ, ಮನೆ ನಡೆಯಬೇಕಾದದ್ದು ಮಾಸ್ತರಿಕೆಯ ಸಂಬಳದಲ್ಲಿ. ಆದರೆ ಅಂಗಿಯ ಮೇಲೆ ಬರೆದ ಆ ಮಾತಿನಲ್ಲಿ ಒಂದು ತಿಳಿವು ಇದೆ: ಇವನು ನಿಲ್ಲುವವನಲ್ಲ, ಹೋಗುತ್ತಾನೆ, ಹೋದವನು ತಿರುಗಿ ಬರುವ ಹಾಗೆ ನಾನೊಂದು ವ್ಯವಸ್ಥೆ ಮಾಡಬೇಕು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಭೀಮಸೇನರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದರು. ಟಿಕೇಟಿಲ್ಲದೆ, ಹಾಡಿ ಹೊಟ್ಟೆ ಹೊರೆಯುತ್ತ, ಗ್ವಾಲಿಯರ್, ಕಲ್ಕತ್ತಾ ಎಂದು ಉತ್ತರವನ್ನೆಲ್ಲ ಸುತ್ತಿದರು. ಕೊನೆಗೆ ತಂದೆ ಜಲಂಧರದಲ್ಲಿ ಮಗನನ್ನು ಪತ್ತೆ ಹಚ್ಚಿ ಮನೆಗೆ ಕರೆತಂದರು. ತಂದವರು ಮನೆಯಲ್ಲಿ ಕಟ್ಟಿಹಾಕಲಿಲ್ಲ. 1936ರಿಂದ ಹುಡುಗ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿಯತೊಡಗಿದ. ಗುರುವಿನ ಮನೆಗೆ ದೂರದಿಂದ ನೀರು ಹೊತ್ತ, ದಿನವೆಲ್ಲ ಬೇರೆಯವರ ಪಾಠ ಕೇಳಿದ. ಆ ಅಂಗಿಯ ಹುಡುಗನಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಧಾರವಾಡದಲ್ಲಿ ಇಳಿದು ಶುಕ್ರವಾರಪೇಟೆಗೆ ನಡೆದೆವು. ಇಕ್ಕಟ್ಟಿನ ಓಣಿ, ಹಂಚಿನ ಮನೆಗಳ ನಡುವೆ ಹೊಸ ಕಾಂಕ್ರೀಟು. ಗಂಗೂಬಾಯಿ ಹಾನಗಲ್ಲರು 1913ರ ಮಾರ್ಚ್ 5ರಂದು ಹುಟ್ಟಿ ಎಳವೆ ಕಳೆದದ್ದು ಈ ಭಾಗದಲ್ಲಿ. ನಾನು ಬಂದದ್ದು ಅವರಿಗಿಂತ ಹೆಚ್ಚಾಗಿ ಅವರ ತಾಯಿಗಾಗಿ.

ಅಂಬಾಬಾಯಿಯವರು ಕರ್ನಾಟಕ ಸಂಗೀತದ ಪಳಗಿದ ಗಾಯಕಿ. ಅಬ್ದುಲ್ ಕರೀಂ ಖಾನರಂಥವರು ಅವರ ಮನೆಗೆ ಬಂದು ಕೂತು ಹಾಡು ಕೇಳುತ್ತಿದ್ದರು. ಪುಟ್ಟ ಗಂಗೂಬಾಯಿಯ ಹಾಡು ಕೇಳಿದ ಖಾನರು, ಚೆನ್ನಾಗಿ ಉಣ್ಣು, ಚೆನ್ನಾಗಿ ಹಾಡು ಎಂದು ಹರಸಿದರಂತೆ. ಮನೆಯೊಳಗೆ ಇಷ್ಟು ಮನ್ನಣೆ. ಬಾಗಿಲ ಹೊರಗೆ ಬೇರೆಯೇ ಲೋಕ. ನೆರೆಯವರ ಗಿಡದ ಮಾವಿನಕಾಯಿ ಕಿತ್ತಾಗ, ಹಾಡುವವಳ ಮಗಳು ನಮ್ಮ ತೋಟಕ್ಕೆ ಕಾಲಿಟ್ಟಳೇ ಎಂದು ಕೇಳಿಸಿಕೊಂಡದ್ದನ್ನು ಗಂಗೂಬಾಯಿಯವರು ಮುಪ್ಪಿನವರೆಗೂ ಮರೆಯಲಿಲ್ಲ. ಹಾಡು ಕೇಳಲು ಬರುತ್ತಿದ್ದ ಜಾತಿಯವರೇ ಹಾಡುವವರ ಮಗುವನ್ನು ಅಂಗಳದಿಂದ ಅಟ್ಟುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡುವ ಮಕ್ಕಳಲ್ಲಿ ಹನ್ನೊಂದರ ಗಂಗೂಬಾಯಿ ಇದ್ದರು. ಹಾಡುವ ಸಂತೋಷಕ್ಕಿಂತ ಅವರನ್ನು ಕಾಡಿದ್ದು ಇನ್ನೊಂದು: ಊಟವಾದ ಮೇಲೆ ಎಲೆ ಎತ್ತಲು ತನಗೇ ಹೇಳುತ್ತಾರೇನೋ ಎಂಬ ಅಂಜಿಕೆ. ಆ ಅಧಿವೇಶನ ನಡೆದ ಜಾಗ, ಕಾಂಗ್ರೆಸ್ ಬಾವಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ದಿನಾ ಅದರ ಮುಂದೆ ಹಾದು ಹೋಗುವ ನಾನು ಆ ಅಂಜಿಕೆಯನ್ನು ನೆನೆಯದೆ ದಾಟಲಾರೆ.

ಇಂಥ ತಾಯಿ ಮಗಳ ಕಂಠವನ್ನು ಗುರುತಿಸಿದರು. ಹುಡುಗಿಯ ಒಲವು ಹಿಂದೂಸ್ತಾನಿಯ ಕಡೆಗೆ ಎಂಬುದನ್ನೂ ಗುರುತಿಸಿದರು. ಅವಳ ಪಾಠಕ್ಕಾಗಿಯೇ 1928ರಲ್ಲಿ ಮನೆಯನ್ನು ಹುಬ್ಬಳ್ಳಿಗೆ ಸಾಗಿಸಿದರು. ಕೃಷ್ಣಾಚಾರ್ಯ ಹುಲಗೂರರು, ಆಮೇಲೆ ದತ್ತೋಪಂತ ದೇಸಾಯಿಯವರು ಕಲಿಸಿದರು. ಮನೆಯಲ್ಲಿ ಕರ್ನಾಟಕ ಸಂಗೀತ ಕಿವಿಗೆ ಬೀಳುತ್ತಿದ್ದರೆ ಮಗಳ ಹಿಂದೂಸ್ತಾನಿಯಲ್ಲಿ ಅದರ ಛಾಯೆ ಬಂದೀತೆಂದು ಅಂಬಾಬಾಯಿಯವರು ತಮ್ಮ ಹಾಡನ್ನೇ ನಿಲ್ಲಿಸಿದರು.

ಈ ಸಂಗತಿಯನ್ನು ಬಹಳ ವರ್ಷದ ಹಿಂದೆ ಓದಿದ್ದೆ. ಆಗ ತಾಯಿತನದ ದೊಡ್ಡ ಉದಾಹರಣೆಯೆಂದು ಮೆಚ್ಚಿ ಮುಂದೆ ಹೋಗಿದ್ದೆ. ಮಗಳು ಹಾಡಲು ಶುರು ಮಾಡಿದ ಮೇಲೆ ಅದು ನನ್ನನ್ನು ಬಿಡುತ್ತಿಲ್ಲ. ಹಾಡು ಅವರಿಗೆ ಹವ್ಯಾಸವಲ್ಲ. ತಾಯಿಯಿಂದ ಬಂದ ವಿದ್ಯೆ, ಬದುಕಿನ ಆಧಾರ, ಆ ಓಣಿಯಲ್ಲಿ ಅವರಿಗಿದ್ದ ಒಂದೇ ಗೌರವ. ಅದನ್ನು ಬಾಯಿಂದ ಹೊರಬಿಡದೆ ಇಡೀ ದಿನ ಮಗಳ ರಿಯಾಜ್ ಕೇಳುತ್ತ ಕೂಡುವುದು. ನಾನು ಅಂಬಾಬಾಯಿಯವರ ಕಾಲಧೂಳಿಗೂ ಸಮವಲ್ಲ. ಆದರೂ ಮಗಳ ಪಾಠ ಗಟ್ಟಿಯಾಗುತ್ತ ಬಂದಂತೆ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ದಾಸರ ಪದಗಳು ನನ್ನ ಬಾಯಿಂದಲೂ ಕಡಿಮೆಯಾಗಿವೆ. ನನ್ನ ಅಂದಾಜಿನ ಶ್ರುತಿ ಅವಳ ಕಿವಿಗೆ ಯಾಕೆ ಎಂದು.

ಅಂಬಾಬಾಯಿಯವರಿಗೆ ಫಲ ನೋಡುವ ಭಾಗ್ಯ ಬರಲಿಲ್ಲ. 1932ರಲ್ಲಿ ತೀರಿಕೊಂಡರು. ಮಗಳಿಗೆ ಆಗ ಹತ್ತೊಂಬತ್ತು. ಹಿಜ್ ಮಾಸ್ಟರ್ಸ್ ವಾಯ್ಸ್ ತಟ್ಟೆಗಳಲ್ಲಿ ಅವಳ ದನಿ ಊರೂರಿಗೆ ಹೋದದ್ದು, ಆಕಾಶವಾಣಿಯಲ್ಲಿ ಹೆಸರಿನ ‘ಹುಬ್ಳೀಕರ’ ಹೋಗಿ ‘ಹಾನಗಲ್’ ಆದದ್ದು, ಪದ್ಮಭೂಷಣ, ಪದ್ಮವಿಭೂಷಣ, ಮೈಸೂರಿನ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟದ್ದು, ಒಂದನ್ನೂ ತಾಯಿ ಕಾಣಲಿಲ್ಲ. ಯಶಸ್ಸು ಕಣ್ಣಿಗೆ ಕಾಣುವ ಮೊದಲೇ ಪೂರ್ತಿ ನಂಬಿ ನಡೆದ ಹೆಮ್ಮೆ ಅವರದು. ಸಂತೆಯಲ್ಲಿ ನಿಲ್ಲಿಸಿ ಮಾತಾಡಿಸುವವರು ಅವರಿಗೆ ಯಾರೂ ಇರಲಿಲ್ಲ.

ಧಾರವಾಡದಿಂದ ಹುಬ್ಬಳ್ಳಿಗೆ ಬಂದೆವು. ದೇಶಪಾಂಡೆ ನಗರದಲ್ಲಿ ಗಂಗೂಬಾಯಿಯವರ ಮನೆ ‘ಗಂಗಾಲಹರಿ’ ಈಗ ವಸ್ತುಸಂಗ್ರಹಾಲಯ. ಫೋಟೋಗಳು, ವಾದ್ಯಗಳು, ಪ್ರಶಸ್ತಿಗಳು. ಮಗಳು ತಂಬೂರಿಗಳ ಮುಂದೆ ನಿಂತಳು. ನಾನು ಕೃಷ್ಣಾ ಹಾನಗಲ್ಲರು ತಾಯಿಯ ಹಿಂದೆ ಕೂತು ಹಾಡುವ ಫೋಟೋದ ಮುಂದೆ ನಿಂತೆ. ಗಂಗೂಬಾಯಿಯವರ ಮಗಳು ದಶಕಗಳ ಕಾಲ ತಾಯಿಗೆ ಸಹಗಾಯನ ಕೊಟ್ಟರು. ತಾಯಿಯ ಗಡಸು ಗಂಭೀರ ದನಿ ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಗಳ ತೆಳುವಾದ ದನಿ ಎದ್ದು ಬರುವುದನ್ನು ಹಳೆಯ ಧ್ವನಿಮುದ್ರಣಗಳಲ್ಲಿ ಕೇಳಬಹುದು. 2004ರಲ್ಲಿ ಕ್ಯಾನ್ಸರ್ ಕೃಷ್ಣಾ ಅವರನ್ನು ಒಯ್ದಿತು. ತೊಂಬತ್ತು ದಾಟಿದ ತಾಯಿ ಉಳಿದರು, ಇನ್ನೂ ಐದು ವರ್ಷ. ಒಂದೇ ಮನೆಯಲ್ಲಿ ಅಜ್ಜಿ ಮಗಳಿಗಾಗಿ ಹಾಡು ನಿಲ್ಲಿಸಿದರು, ಮೊಮ್ಮಗಳು ತಾಯಿಗಾಗಿ ಹಿಂದಿನ ಸಾಲಿನಲ್ಲಿ ಕೂತರು. ಗಂಗೂಬಾಯಿಯವರ ಹಾಡಿನ ಎರಡೂ ಬದಿಗೆ ಈ ಇಬ್ಬರು ಇದ್ದಾರೆ. ಅಲ್ಲಿಂದ ಹೊರಬರುವಾಗ ನನಗೆ ಬಹಳ ಮಾತು ಬೇಕಾಗಿರಲಿಲ್ಲ.

ಕುಂದಗೋಳಕ್ಕೆ ಬಸ್ಸು ಬೇಕಾದಷ್ಟು. ನಾವು ಹಟ ಹಿಡಿದು ಪ್ಯಾಸೆಂಜರ್ ಗಾಡಿಯಲ್ಲೇ ಹೋದೆವು. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ತಿರುಗಿದ ಹಳಿ. ಎರಡೂ ಕಡೆ ಎರೆಹೊಲ, ಹತ್ತಿ, ಮೆಣಸಿನಗಿಡ, ಕಣ್ಣು ಹೋದಷ್ಟು ದೂರ ಬಯಲು. ಕುಂದಗೋಳದ ಮುಂದಿನ ನಿಲ್ದಾಣ ಸಂಶಿ, ಸವಾಯಿ ಗಂಧರ್ವರೆಂದು ನಾಡು ಕರೆದ ರಾಮಚಂದ್ರರಾಯರ ಮನೆತನದ ಹೆಸರು ಬಂದ ಊರು. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿಯವರು ಅವರ ಬಳಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಬರುತ್ತಿದ್ದದ್ದು ಈ ಗಾಡಿಯಲ್ಲಿ. ಮದುವೆಯಾಗಿತ್ತು, ಮಕ್ಕಳಿದ್ದರು, ತಾಯಿ ಇರಲಿಲ್ಲ. ನಿಲ್ದಾಣದಿಂದ ಗುರುವಿನ ಮನೆಯವರೆಗಿನ ದಾರಿಯಲ್ಲಿ ಕಟ್ಟೆಯ ಮೇಲೆ ಕೂತವರ ಕುಹಕ ಕೇಳಬೇಕಿತ್ತು. ಪಾಠ ಮುಗಿಯುವ ಹೊತ್ತಿಗೆ ಕತ್ತಲು. ತಿರುಗಿ ನಿಲ್ದಾಣಕ್ಕೆ ಬಿಡಲು ಗುರುವಿನ ಮನೆಯಲ್ಲಿದ್ದ ಭೀಮಸೇನ ಜೊತೆಗೆ ಬರುತ್ತಿದ್ದ. ಅವನಿಗೆ ಇವರು ಅಕ್ಕ. ಒಂದೇ ಪಲುಕನ್ನು ದಿನಗಟ್ಟಲೆ ತಿದ್ದಿಸುತ್ತಿದ್ದ ಗುರುಗಳು, ಜಿಪುಣ ದುಡ್ಡು ಎಣಿಸುವ ಹಾಗೆ ಸ್ವರವನ್ನು ಒಂದೊಂದಾಗಿ ಬಿಡಬೇಕು ಎಂದು ಕಲಿಸಿದರು. ಆ ಮಾತನ್ನು ಮಗಳ ಗುರುಗಳೂ ಹೇಳುತ್ತಾರೆ.

ನಾಡಿಗೇರ ವಾಡೆಯ ಮರದ ಕಂಬಗಳ ನಡುವೆ ನಿಂತಾಗ ಮಗಳು ಸುಮ್ಮನೆ ಮೇಲಿನ ಮಾಡು ನೋಡಿದಳು. ಅಬ್ದುಲ್ ಕರೀಂ ಖಾನರನ್ನು ಇರಿಸಿಕೊಂಡ ಮನೆ, ಈಗಲೂ ಸವಾಯಿ ಗಂಧರ್ವರ ಪುಣ್ಯತಿಥಿಗೆ ಇರುಳೆಲ್ಲ ಸಂಗೀತ ನಡೆಯುವ ಮನೆ. ಅವಳು ಒಮ್ಮೆ ಷಡ್ಜ ಹಚ್ಚಿದಳು. ಕಟ್ಟಿಗೆಯ ಅಟ್ಟ ಅದನ್ನು ಮೆತ್ತಗೆ ಹಿಡಿದುಕೊಂಡಿತು. ಕಾಂಕ್ರೀಟಿನ ಸಭಾಗೃಹಗಳಲ್ಲಿ ಹಾಗಾಗುವುದಿಲ್ಲ. ವಾಡೆಯ ಒಬ್ಬ ಹಿರಿಯರು ಹೊರಬಂದು, ‘ಇನ್ನೊಮ್ಮೆ ಹಚ್ಚವಾ’ ಎಂದರು. ಹಚ್ಚಿದಳು. ಎಷ್ಟೋ ಬಹುಮಾನಗಳ ದಿನಕ್ಕಿಂತ ಆ ಕ್ಷಣ ನನಗೆ ದೊಡ್ಡದು.

ಸಂಜೆಯ ಗಾಡಿ ಹತ್ತಿ ಕೂತ ಮೇಲೆ ಅವಳೇ ಮಾತು ತೆಗೆದಳು.

‘ಅವ್ವಾ, ಅಂಬಾಬಾಯಿಯವರು ಹಾಡೋದು ಬಿಡಬಾರದಿತ್ತು.’

ನಾನು ಆ ಕಾಲ, ಆ ಓಣಿ, ಮಗಳಿಗೊಂದು ಗೌರವದ ವೇದಿಕೆ ಕಟ್ಟಿಕೊಡಬೇಕೆಂಬ ಆ ತಾಯಿಯ ಛಲ, ಎಲ್ಲ ಹೇಳಿದೆ. ಎರಡು ದೋಣಿಯಲ್ಲಿ ಕಾಲಿಡುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ ಎಂದೆ. ನನ್ನ ಮಾತನ್ನು ನಾನು ಈಗಲೂ ನಂಬುತ್ತೇನೆ.

‘ಅದೆಲ್ಲಾ ಖರೆ,’ ಎಂದಳು. ‘ಆದ್ರ ಅಬ್ದುಲ್ ಕರೀಂ ಖಾನರು ಖರಹರಪ್ರಿಯ ಹಾಡ್ಯಾರಲ್ಲ, ತ್ಯಾಗರಾಜರ ಕೃತಿ ರೆಕಾರ್ಡ್ ಮಾಡ್ಯಾರಲ್ಲ. ಅವರ ಸರಗಮ್‌ನಾಗ ಕರ್ನಾಟಕದ ರುಚಿ ಐತಿ ಅಂತ ನಮ್ಮ ಸರ್ ಹೇಳ್ತಾರ. ಅವರ ಗಾಯಕಿ ಕೆಟ್ಟಿತೇನು? ತಾಯಿ ಹಾಡು ಕೇಳ್ಕೋತ ಬೆಳದಿದ್ರ ಗಂಗೂಬಾಯಿ ಬ್ಯಾರೆ ಏನರ ಹಾಡ್ತಿದ್ರೋ ಏನೋ.’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹದಿನೈದರ ಹುಡುಗಿ ತನ್ನ ಸಂಗೀತದ ಬಗ್ಗೆ ತಾನೇ ಯೋಚಿಸಿ ನನ್ನೆದುರು ವಾದಿಸುತ್ತಿದ್ದಾಳೆ ಎಂಬ ಸಂತೋಷ ಮಾತ್ರ ಇತ್ತು.

‘ನೀ ಯಾಕ ಬಿಟ್ಟಿ?’

‘ಏನು?’

‘ಅಡಿಗಿಮನ್ಯಾಗ ಹಾಡೋದು. ನನಗ ಗೊತ್ತಾಗೂದಿಲ್ಲ ಅನ್ಕೊಂಡಿಯೇನು?’

‘ನಿನ್ನ ಶ್ರುತಿ ಕೆಡಬಾರದಂತ.’

‘ನನ್ನ ಶ್ರುತಿ ಅಷ್ಟು ಲಗೂನ ಕೆಡೂದಿಲ್ಲ. ಮುಂಜಾನೆ ಆರರಿಂದ ಏಳೂವರೆ ನನ್ನ ರಿಯಾಜ್. ಅದಾದ ಮ್ಯಾಲೆ ನೀ ಹಾಡು.’

‘ಆ ಹೊತ್ತಿನ್ಯಾಗ ನಿನ್ನ ಡಬ್ಬಿ ಯಾರು ಕಟ್ಟಬೇಕು?’

‘ಕಟ್ಕೋತನ ಹಾಡು,’ ಎಂದಳು, ಹುಬ್ಬಳ್ಳಿ ಬಂತೆಂದು ಚೀಲ ಎತ್ತಿಕೊಳ್ಳುತ್ತ.